ಒಪ್ಪುತ್ತೆ ನಿನಗೆ

ಅವನ ಗೆಳೆಯನೊಬ್ಬನ ಮದುವೆಗೆ ಹೊರಟಿದ್ದೆವು. ಅಕ್ಟೋಬರ್ ತಿಂಗಳ ಶನಿವಾರ. ಚೆಕ್ ದೇಶದ ಬ್ರ್ನೋ ಊರಿನ ಬೀದಿಗಳಲ್ಲಿ ಉದುರಿದ ಎಲೆಗಳು ಮಳೆಗೆ ನೆನೆದು ಕಲ್ಲುಹಾಸಿಗೆ ಅಂಟಿಕೊಂಡಿದ್ದವು. ಅವನು ಕಡುನೀಲಿ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಟೈ ಗಂಟು ಸರಿಮಾಡಿಕೊಳ್ಳುತ್ತಿದ್ದ. ಮರಗೆಲಸದ ಪುಡಿ ಮೆತ್ತಿದ ಪ್ಯಾಂಟಿನಲ್ಲೇ ನೋಡಿ ಅಭ್ಯಾಸವಾಗಿದ್ದ ಮನುಷ್ಯ ಹಾಗೆ ನಿಂತದ್ದು ನೋಡಿ ನನಗೆ ಒಂದು ಕ್ಷಣ ಮಾತೇ ಬರಲಿಲ್ಲ. ಬಂದಾಗ ಬಂದದ್ದು ‘ಯೂ ಲುಕ್ ನೈಸ್’. ಅವನು ‘ಥ್ಯಾಂಕ್ಸ್’ ಅಂದ. ಅಲ್ಲಿಗೆ ಮುಗಿಯಿತು. ನಾನು ಆಡಿದ್ದು ಅವನ ಕಿವಿಗೆ ಬಿದ್ದು, ಅಲ್ಲಿಂದ ಒಳಗೆ ಇಳಿಯದೆ ಹಾಗೇ ಜಾರಿಹೋಯಿತು.

ಮೆಟ್ಟಿಲಿಳಿದು ಬಾಗಿಲಿಗೆ ಬಂದರೆ, ಕೆಳಮನೆಯ ಅಜ್ಜಿ ತರಕಾರಿ ಚೀಲ ಹಿಡಿದು ಒಳಗೆ ಬರುತ್ತಿದ್ದರು. ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ‘ಸ್ಲುಶೀ ವಾಮ್ ತೊ’ ಅಂದರು. ಮೂರೇ ಪದ. ಅವನ ಕಿವಿಯೆರಡೂ ಕೆಂಪಾದವು.

ಆ ಕೆಂಪು ನನಗೆ ಬೇಕಿತ್ತು. ಅಜ್ಜಿಯ ಮೇಲೆ ಹೊಟ್ಟೆಕಿಚ್ಚು ಅಂತಲ್ಲ. ಎರಡು ವರ್ಷ ಜೊತೆಗಿದ್ದೂ ನನ್ನ ಮಾತು ತಲುಪದ ಜಾಗಕ್ಕೆ ಆ ಮೂರು ಪದ ನೇರ ಹೋಗಿ ಕೂತಿದ್ದವು. ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ. ಅದು ಅವನದೂ ಅಲ್ಲ, ನನ್ನದೂ ಅಲ್ಲ. ಬಾಡಿಗೆ ಲೆಕ್ಕ, ವೀಸಾ ಕಾಗದ, ಇವತ್ತು ಅಡುಗೆ ಯಾರದ್ದು, ಯಾರ ಮಾತಿಗೆ ಯಾರು ಸಿಟ್ಟಾದರು, ಎಲ್ಲವೂ ಆ ಭಾಷೆಯಲ್ಲೇ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಮೆಚ್ಚುಗೆಯ ವಿಷಯ ಬಂದಾಗ ಮಾತ್ರ ಅದು ಇಬ್ಬರ ನಡುವೆ ಮೇಜಿನ ಮೇಲೆ ಇಟ್ಟ ಸಾಮಾನಿನಂತೆ ಉಳಿದುಬಿಡುತ್ತಿತ್ತು.

ಅಷ್ಟು ಹೊತ್ತಿಗೆ ನಾನು ಸಂಜೆಯ ಚೆಕ್ ತರಗತಿಗೆ ಹೋಗಲು ಶುರುಮಾಡಿ ಆರು ತಿಂಗಳಾಗಿತ್ತು. ಅಂಗಡಿಯಲ್ಲಿ ಚಿಲ್ಲರೆ ಕೇಳಲು, ಡಾಕ್ಟರಿಗೆ ತಲೆನೋವು ಹೇಳಲು, ಶಲಿನ ಎಷ್ಟು ಹೊತ್ತಿಗೆ ಅಂತ ವಿಚಾರಿಸಲು ಬರುತ್ತಿತ್ತು. (ಟ್ರಾಮಿಗೆ ಬ್ರ್ನೋದವರು ‘ಶಲಿನ’ ಅನ್ನುತ್ತಾರೆ. ಪ್ರಾಗಿನಲ್ಲಿ ಹಾಗಂದರೆ ಎಲ್ಲಿಯವರು ಅಂತ ತಕ್ಷಣ ಗೊತ್ತಾಗಿಬಿಡುತ್ತದೆ.) ಆದರೆ ಮನೆಯಲ್ಲಿರುವ ಮನುಷ್ಯನಿಗೆ ‘ಎಷ್ಟು ಚೆನ್ನಾಗಿ ಕಾಣ್ತಿದ್ದೀಯ’ ಅಂತ ಹೇಳಲು ಒಂದು ಸಾಲೂ ಇರಲಿಲ್ಲ. ಮುಂದಿನ ಮಂಗಳವಾರ ತರಗತಿಯಲ್ಲಿ ಕೈ ಎತ್ತಿ ಕೇಳಿದೆ. ಟೀಚರು ಬೋರ್ಡಿನ ಮೇಲೆ ಬರೆದರು: ‘ಸ್ಲುಶೀ ತಿ ತೊ.’ ಅಜ್ಜಿ ಅಂದದ್ದು ‘ವಾಮ್’, ಅಂದರೆ ‘ನಿಮಗೆ’. ಇದು ‘ತಿ’, ‘ನಿನಗೆ’. ನೀನು–ನೀವು ವ್ಯತ್ಯಾಸ ಚೆಕ್‌ನಲ್ಲಿ ನಮ್ಮಷ್ಟೇ ಗಟ್ಟಿ. ನೀವು ಬಿಟ್ಟು ನೀನು ಅನ್ನುವ ಮೊದಲು ಬಾಯಿಬಿಟ್ಟು ಕೇಳಿ ಒಪ್ಪಿಗೆ ಪಡೆಯುತ್ತಾರೆ. ಸಾಮಾನ್ಯವಾಗಿ ವಯಸ್ಸಿನಲ್ಲಿ ದೊಡ್ಡವರೇ ಆ ಮಾತು ಎತ್ತುವುದು.

ಸ್ಲುಶೀ ಅಂದರೆ ಏನು? ನನ್ನ ಪಠ್ಯಪುಸ್ತಕದ ವಿವರಣೆ ಇಂಗ್ಲಿಷಿನಲ್ಲಿತ್ತು. ಬಟ್ಟೆ ನಿನಗೆ ಹೊಂದುತ್ತದೆ ಎಂಬರ್ಥದ ಒಂದು ಸಾಲು ಕೊಟ್ಟಿದ್ದರು. ಅದನ್ನು ನಂಬಿ ಅಂಗಿ, ಟೋಪಿಗಳಿಗಷ್ಟೇ ಈ ಮಾತು ಸಲ್ಲುತ್ತದೆ ಅಂದುಕೊಂಡೆ. ಆಮೇಲೆ ಕಿವಿಗೊಟ್ಟು ಕೇಳಿದರೆ, ಅಲ್ಲಿಯ ‘ತೊ’ (‘ಅದು’) ಯಾವ ವಸ್ತುವನ್ನೂ ತೋರಿಸುತ್ತಿರಲಿಲ್ಲ. ಬಟ್ಟೆಗೂ ಆಯಿತು, ತಲೆ ಬಾಚಿದ ರೀತಿಗೂ ಆಯಿತು, ಒಳ್ಳೆ ನಿದ್ದೆ ಮಾಡಿ ಎದ್ದ ಮುಖಕ್ಕೂ ಆಯಿತು. ಇವತ್ತು ಈ ಹೊತ್ತಿನಲ್ಲಿ ನಿನ್ನ ಸುತ್ತ ಏನೇನಿದೆಯೋ ಅದೆಲ್ಲ ನಿನಗೆ ಒಪ್ಪುತ್ತೆ, ಅಷ್ಟೆ. ‘ಒಪ್ಪುತ್ತೆ’ ಅನ್ನುವ ಪದ ನನ್ನ ಬಾಯಿಗೆ ತಾನಾಗಿ ಬಂದದ್ದು ಶಲಿನದಲ್ಲಿ, ಮನೆಗೆ ಹೋಗುವ ದಾರಿಯಲ್ಲಿ. ಕೂತಲ್ಲೇ ಬೆನ್ನು ನೆಟ್ಟಗಾಯಿತು. ಚೆಕ್‌ನಲ್ಲಿ ಅದೇ ಧಾತುವಿನಿಂದ ‘ಸ್ಲುಶ್ನೀ’ ಆಗಿದೆ, ಸಭ್ಯ ಅಂತ. ‘ಸ್ಲುಶೀ ಸೆ’ ಅಂದರೆ ಹಾಗೆ ಮಾಡುವುದು ತಕ್ಕದ್ದು, ಒಪ್ಪುವಂಥದ್ದು. ನಮ್ಮಲ್ಲೂ ಹಾಗೇ ಅಲ್ಲವೆ? ಸೀರೆ ಒಪ್ಪುತ್ತೆ, ನಡತೆ ಒಪ್ಪುತ್ತೆ, ಮಾತು ಒಪ್ಪುತ್ತೆ. ಮನೆ ಒಪ್ಪವಾಗಿದೆ ಅನ್ನುತ್ತೇವೆ. ಚೆಲುವೂ ಮರ್ಯಾದೆಯೂ ಒಂದೇ ಬೇರಿನಿಂದ ಚಿಗುರುವ ಪದ ನನ್ನ ಹತ್ತಿರ ಹುಟ್ಟಿನಿಂದಲೇ ಇತ್ತು. ಇಂಗ್ಲಿಷಿನ ಬಾಗಿಲಿಂದ ಸುತ್ತಿ ಬಂದದ್ದಕ್ಕೆ ಅದು ಕಂಡಿರಲಿಲ್ಲ.

ಆ ‘ತಿ’ಯ ಬಗ್ಗೆಯೂ ಹೇಳಲೇಬೇಕು. ನಮಸ್ತೇ ಅನ್ನುವುದನ್ನು ಬಿಡಿಸಿದರೆ ನಮಃ ಮತ್ತು ತೇ, ‘ನಿನಗೆ ನಮಸ್ಕಾರ’. ಆ ಸಂಸ್ಕೃತದ ‘ತೇ’ ಮತ್ತು ಈ ಚೆಕ್‌ನ ‘ತಿ’ ಒಂದೇ ಮನೆತನದವು. ಸಾವಿರಾರು ವರ್ಷಗಳ ಹಿಂದೆ ಬೇರೆಯಾಗಿ ಒಂದು ಇತ್ತ ಬಂತು, ಇನ್ನೊಂದು ಅತ್ತ ಹೋಯಿತು. ನಾನು ದಿನಾ ಬೆಳಗ್ಗೆ ಆಫೀಸಿನ ವಿಡಿಯೋ ಕರೆಯಲ್ಲಿ ನಮಸ್ತೇ ಅನ್ನುತ್ತಲೇ ಇದ್ದೆ. ಅದೇ ‘ನಿನಗೆ’ಯನ್ನು ಮನೆಯಲ್ಲಿ ಹೇಳಲು ಇಷ್ಟು ದಿನ ಬೇಕಾಯಿತು.

ಇನ್ನೊಂದು ಸಾಲು ‘ಲೀಬೀಶ್ ಸೆ ಮಿ’. ನೀನು ನನಗೆ ಇಷ್ಟ ಅಂತ. ಮುಖ್ಯವಾಗಿ ನೋಟಕ್ಕೆ, ರೂಪಕ್ಕೆ ಹೇಳುವ ಮಾತು. ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟದ ಎಚ್ಚರಿಕೆ: ಈ ವಾಕ್ಯ ತಲೆಕೆಳಗು, ಇಷ್ಟಪಡುವವರು ಇಲ್ಲಿ ಕರ್ತೃ ಅಲ್ಲ, ಚೆನ್ನಾಗಿ ನೆನಪಿಡಿ. ನಾನು ಪಾಪ ಎರಡು ತಿಂಗಳು ಅದನ್ನು ತಲೆಕೆಳಗಾಗಿಯೇ ಉರುಹೊಡೆದೆ. ತಲೆಕೆಳಗು ಯಾರಿಗೆ? ‘ನನಗೆ ನೀನು ಇಷ್ಟ.’ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಬಾಯಿಪಾಠ ಮಾಡಿಸಿದ ‘ಗೆ, ಇಗೆ, ಕ್ಕೆ’ಯ ಚತುರ್ಥಿ ವಿಭಕ್ತಿ ಅದು. ಚೆಕ್ ಮಕ್ಕಳು ವಿಭಕ್ತಿಗಳನ್ನು ಅಂಕಿಯಿಂದಲೇ ಕಲಿಯುತ್ತಾರೆ, ಒಟ್ಟು 7. ಅವರ ಎಣಿಕೆಯಲ್ಲಿ ಇದು 3ನೆಯದು. ನಂಬರು ಬೇರೆ, ಮನಸ್ಸಿನ ನಡೆ ಒಂದೇ. ಇಂಗ್ಲಿಷಿನಲ್ಲಿ ಇಷ್ಟಪಡುವುದು ನಾನು ಮಾಡುವ ಕೆಲಸ. ಕನ್ನಡದಲ್ಲೂ ಚೆಕ್‌ನಲ್ಲೂ ಅದು ನನಗೆ ಆಗುವಂಥದ್ದು. ಹಸಿವಾದಂತೆ, ನಿದ್ದೆ ಬಂದಂತೆ. ಎದುರಿಗಿರುವವನು ಸುಮ್ಮನೆ ಇದ್ದಾನೆ, ಬಾಗಿಲ ಚಿಲಕ ತಿರುಗಿಸುತ್ತಾನೋ ಬ್ರೆಡ್ಡು ಕೊಯ್ಯುತ್ತಾನೋ, ಇಷ್ಟ ಬಂದು ನನ್ನ ಮೇಲೆ ಇಳಿಯುತ್ತದೆ. ಇದನ್ನು ಅರಿತ ಮೇಲೆ ಆ ಇಂಗ್ಲಿಷ್ ವಿವರಣೆಗಳನ್ನು ಓದುವುದನ್ನೇ ಬಿಟ್ಟೆ. ನೋಟ್‌ಬುಕ್ಕಿನಲ್ಲಿ ಚೆಕ್ ಸಾಲು, ಅದರ ಕೆಳಗೆ ಕನ್ನಡ, ನಡುವೆ ಏನೂ ಇಲ್ಲ. ಕಲಿಕೆ ಅಲ್ಲಿಂದ ಬೇರೆಯೇ ದಾರಿ ಹಿಡಿಯಿತು. ಬೇರೆ ದೇಶದ ಭಾಷೆ ಕಲಿಯುತ್ತಿರುವ ಕನ್ನಡಿಗರು ಯಾರೇ ಕೇಳಿದರೂ ನಾನು ಇದನ್ನೇ ಹೇಳುತ್ತೇನೆ: ಮೊದಲು ಕನ್ನಡದಲ್ಲಿಟ್ಟು ನೋಡಿ.

ಎಲ್ಲ ಕಡೆ ಕನ್ನಡ ಕೈಹಿಡಿಯಲಿಲ್ಲ. ‘ಮಾಮ್ ತ್ಯೆ ರಾದ್’ ಅಂತ ಅವನು ನನಗೆ ಹೇಳುತ್ತಿದ್ದ. ಪದಕ್ಕೆ ಪದ ಇಟ್ಟರೆ ‘ನಿನ್ನನ್ನು ಸಂತೋಷದಿಂದ ಹೊಂದಿದ್ದೇನೆ’. ‘ಮಿಲುಯು ತ್ಯೆ’ ಅನ್ನುವ ಪ್ರೀತಿಯ ದೊಡ್ಡ ಮಾತು ಬೇರೆ ಇದೆ. ಅದನ್ನು ಅವರು ಹಬ್ಬದ ಪಾತ್ರೆಯ ಹಾಗೆ ಎತ್ತಿಟ್ಟು ಅಪರೂಪಕ್ಕೆ ಇಳಿಸುತ್ತಾರೆ. ದಿನಬಳಕೆಯದು ಇದು. ನಾನು ಅದನ್ನು ಅವನ ಬಾಯಿಂದ ಕೇಳಿ ಕೇಳಿ ಕಲಿತು, ಒಂದು ರಾತ್ರಿ ಅವನಿಗೇ ಹೇಳಿದೆ: ‘ಮಾಮ್ ತ್ಯೆ ರಾದ್.’ ಅವನು ನಗಲಿಲ್ಲ. ನನ್ನ ಕೈ ಹಿಡಿದುಕೊಂಡು ಮೆತ್ತಗೆ ‘ರಾದ’ ಅಂದ. ಹೇಳುವವನು ಗಂಡಸಾದರೆ ರಾದ್, ಹೆಂಗಸಾದರೆ ರಾದ. ಕನ್ನಡದಲ್ಲಿ ಬಂದನು, ಬಂದಳು ಇದೆ, ಆದರೆ ‘ನಾನು’ ಅಂದಕೂಡಲೇ ಆ ಭೇದ ಅಳಿಸಿಹೋಗುತ್ತದೆ. ಬಂದೆ, ಕಂಡೆ, ಮೆಚ್ಚಿದೆ, ಯಾರು ಬೇಕಾದರೂ ಹೇಳಬಹುದು. ಚೆಕ್‌ನಲ್ಲಿ ‘ಇದ್ದೆ’ ಅನ್ನಲೂ ಬಿಲ್, ಬಿಲ ಎಂದು ಎರಡು. ನಿನ್ನೆಯ ಮಾತು ಆಡಬೇಕಾದರೂ, ಇಷ್ಟ ಅನ್ನಬೇಕಾದರೂ, ಹೇಳುವ ನಾನು ಯಾರು ಅನ್ನುವುದನ್ನು ಜೊತೆಗೇ ಮುಂದಿಡಬೇಕು. ಅವನ ಸಾಲನ್ನು ಕಡ ತಂದು ಅವನಿಗೇ ಕೊಟ್ಟರೆ ಅದು ನನ್ನದಾಗುವುದಿಲ್ಲ. ಕೊನೆಯ ಆ ಒಂದು ಸ್ವರದಲ್ಲಿ ನಾನಿರಬೇಕಿತ್ತು.

ಬರೆಯುವಾಗ ಇನ್ನೂ ಒಂದು ತಿಳಿಯಿತು. ರಾದ ಪದದ ಮೊದಲ ಸ್ವರ ದೀರ್ಘ. ಅದರ ಮೇಲಿನ ಓರೆಗೆರೆ ಮರೆತರೆ ಅದು ‘ರದ’ ಆಗಿ ಸಲಹೆ, ಇಲ್ಲವೇ ಸಭೆ ಅನ್ನುವ ಅರ್ಥಕ್ಕೆ ಹೋಗುತ್ತದೆ. ಕೊಡು, ಕೋಡು ಎಂದು ಬೆಳೆದವಳಿಗೆ ದೀರ್ಘದ ಬೆಲೆ ಹೊಸದಲ್ಲ. ಆದರೆ ಆ ಗೆರೆಯ ಹೆಸರು ನನ್ನನ್ನು ಗೆದ್ದುಕೊಂಡಿತು: ‘ಚಾರ್ಕ’, ಪುಟ್ಟ ಗೆರೆ. ಅಕ್ಷರದ ಮೇಲೆ ಕೂರುವ ಇನ್ನೊಂದು ಗುರುತು ‘ಹಾಚೆಕ್’, ಪುಟ್ಟ ಕೊಕ್ಕೆ. ವ್ಯಾಕರಣದ ಗುರುತುಗಳಿಗೂ ಮಗುವನ್ನು ಕರೆದಂತೆ ಹೆಸರಿಟ್ಟ ಭಾಷೆ ಇದು. ಕಾಫಿ ‘ಕಫೆ’, ಪ್ರೀತಿಯಿಂದ ಕೊಡುವಾಗ ‘ಕಫೀಚ್ಕೊ’. ಕೈ ‘ರುಕ’, ಮುದ್ದಿನದಾದರೆ ‘ರುಚಿಚ್ಕ’. ಚಿನ್ನ ‘ಜ್ಲತೊ’, ಮುದ್ದಿಗೆ ‘ಜ್ಲತೀಚ್ಕೊ’.

ಹೌದು, ಚಿನ್ನವೇ. ಗಂಡ ಹೆಂಡತಿಯನ್ನು, ಅಮ್ಮ ಮಗುವನ್ನು ‘ಜ್ಲತೊ’ ಅಂತ ಕರೆಯುತ್ತಾರೆ. ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಅಜ್ಜಿ ನನ್ನ ತಲೆ ಬಾಚುತ್ತಾ ‘ಚಿನ್ನಾ, ಅಲ್ಲಾಡಬೇಡ’ ಅಂದದ್ದು ನೆನಪಾಗದೆ ಇರುತ್ತದೆಯೆ? ಆ ‘ಚಿನ್ನಾ’ದ ಕೊನೆಯ ಎಳೆತವೂ ಇಲ್ಲಿದೆ. ಕರೆಯುವಾಗ ಹೆಸರಿನ ಕೊನೆ ಬದಲಾಗುತ್ತದೆ, ಅದೇ ಅವರ 5ನೆಯ ವಿಭಕ್ತಿ, ಸಂಬೋಧನೆ. ಪ್ರೀತಿ ‘ಲಾಸ್ಕ’, ಕರೆದರೆ ‘ಲಾಸ್ಕೊ’. ಮುದ್ದಿನವನು ‘ಮಿಲಾಚೆಕ್’, ಕರೆದರೆ ‘ಮಿಲಾಚ್ಕು’. ಅವನು ನನ್ನನ್ನು ಕರೆಯುವುದು ‘ಬ್ರೌಚ್ಕು’ ಎಂದು. ಪುಟ್ಟ ದುಂಬಿಯೇ ಅಂತ ಅರ್ಥ, ಇಲ್ಲಿ ತುಂಬ ಮಾಮೂಲಿ. ಮೊದಲ ಸಲ ಅರ್ಥ ಕೇಳಿ ಮುಖ ಸಣ್ಣ ಮಾಡಿಕೊಂಡಿದ್ದೆ. ಈಗ ಆಫೀಸಿನಿಂದ ತಡವಾಗಿ ಬಂದ ದಿನ ಬಾಗಿಲಲ್ಲಿ ಆ ಪದ ಕೇಳದಿದ್ದರೆ ಏನೋ ಆಗಿದೆ ಅನ್ನಿಸುತ್ತದೆ.

ಅವನ ಕೆಲಸ ಹಳೆ ಕಿಟಕಿಗಳದು. ಬ್ರ್ನೋದ ಹಳೆಯ ಮನೆಗಳಲ್ಲಿ ಚಳಿ ತಡೆಯಲು ಒಂದರ ಹಿಂದೆ ಒಂದು ಎರಡು ಸಾಲು ಗಾಜಿನ ಬಾಗಿಲುಗಳಿರುವ ಕಿಟಕಿಗಳಿವೆ. ನಡುವೆ ಒಂದು ಗೇಣು ಜಾಗ, ಚಳಿಗಾಲದಲ್ಲಿ ಅಲ್ಲಿ ಸೇಬುಹಣ್ಣು ಇಡುವವರೂ ಇದ್ದಾರೆ. ಅನೇಕರು ಅವನ್ನು ಕಿತ್ತು ಪ್ಲಾಸ್ಟಿಕ್ ಚೌಕಟ್ಟು ಹಾಕಿಸಿದರು. ಇವನು ಉಳಿದವನ್ನು ಉಳಿಸಿಕೊಡುತ್ತಾನೆ. ಕಳೆದ ಚಳಿಗಾಲ ನಮ್ಮ ಅಡುಗೆಮನೆಯ ಕಿಟಕಿಯನ್ನೇ ಇಳಿಸಿದ. ಪದರ ಪದರವಾಗಿ ಬಣ್ಣ ಕೆರೆದ, ಮೇಲೆ ಬಿಳಿ, ಅದರ ಕೆಳಗೆ ಹಳದಿ, ಅದಕ್ಕೂ ಕೆಳಗೆ ಕಂದು, ಕೊನೆಗೆ ಜೇನಿನ ಬಣ್ಣದ ಪೈನ್ ಮರ ಕಾಣಿಸಿಕೊಂಡಿತು. ಕೆಳಗಿನ ಪಟ್ಟಿ ಕೊಳೆತಿತ್ತು. ಅಷ್ಟನ್ನು ಮಾತ್ರ ಕೊಯ್ದು ಹೊಸ ತುಂಡು ಕೂರಿಸಿದ. ಕೀಸುಳಿ ಎಳೆದಾಗ ಸುರುಳಿ ಸುರುಳಿ ಸಿಪ್ಪೆ ಬಂತು, ಮನೆಯೆಲ್ಲ ಅರಗಿನ ವಾಸನೆ. ಸೇರಿಸಿದ ಜಾಗದ ಮೇಲೆ ಕಣ್ಣು ಮುಚ್ಚಿ ಬೆರಳು ಎಳೆಯುತ್ತಾನೆ. ತಡೆದರೆ ಇನ್ನೊಂದು ಸಲ ಸ್ಯಾಂಡ್‌ಪೇಪರ್. ಹಾಗೆ ಎಷ್ಟು ಸಲವೋ. ನಾನು ಗುಡಿಗಾರರ ಊರಿನವಳು. ಗಂಧದ ಮರದ ಮೇಲೆ ಉಳಿ ಇಟ್ಟು ಉಸಿರು ಹಿಡಿದು ಕೂರುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಕಣ್ಣುಮುಚ್ಚಿದ ಬೆರಳು ನನಗೆ ಗುರುತಿನದು.

‘ಮಾಶ್ ಜ್ಲತೇ ರುಚಿಚ್ಕಿ’ ಅಂದೆ. ನಿನ್ನವು ಚಿನ್ನದ ಪುಟ್ಟ ಕೈಗಳು. ಕೈಕೆಲಸ ಬಲ್ಲವರಿಗೆ ಹೇಳುವ ಮಾತು. ‘ಚೆಕ್ಕರ ಚಿನ್ನದ ಕೈಗಳು’ ಅಂತ ದೇಶಕ್ಕೆ ದೇಶವೇ ತನ್ನ ಬಗ್ಗೆ ಅಂದುಕೊಳ್ಳುವ ನುಡಿಗಟ್ಟೂ ಇದೆ. ನನಗೆ ಆ ಪದದೊಳಗೆ ಮೊದಲಿನಿಂದಲೂ ಕೇಳುವುದು ‘ರುಚಿ’. ಸಂಬಂಧವೇನೂ ಇಲ್ಲ, ಕಿವಿಗೆ ಬಿದ್ದದ್ದು ಹಾಗೆ ಅಷ್ಟೆ. ಅಮ್ಮನ ಕೈರುಚಿ ಅನ್ನುತ್ತೇವಲ್ಲ, ಅದೇ ಕೈ, ಅದೇ ರುಚಿ.

ಅವನು ತಲೆ ಎತ್ತದೆ ‘ಅಲೆ ಪ್ರೊಸೀಮ್ ತ್ಯೆ’ ಅಂದ. ‘ಅಯ್ಯೋ ಬಿಡು’ ಅನ್ನುವ ಹಾಗೆ. ಆದರೆ ಕಿವಿ ಕೆಂಪಾಗಿತ್ತು.

ಈ ‘ಅಲೆ ಪ್ರೊಸೀಮ್ ತ್ಯೆ’ಯನ್ನು ಪೂರ್ತಿ ಅರ್ಥ ಮಾಡಿಸಿದ್ದು ಅವನ ಅಜ್ಜಿ. ವಿಸೊಚಿನ ಅನ್ನುವ ಎತ್ತರದ ಸೀಮೆಯ ಒಂದು ಹಳ್ಳಿಯಲ್ಲಿ ಇದ್ದಾರೆ. ಈಸ್ಟರ್ ಹಬ್ಬಕ್ಕೆ ಹೋಗಿದ್ದೆವು. ಸಣ್ಣ ನೀಲಿ ಹೂವಿನ ಬ್ಲೌಸ್ ಹಾಕಿದ್ದರು, ಕುತ್ತಿಗೆಯ ಹತ್ತಿರ ಇಸ್ತ್ರಿಯ ಗೆರೆ ಇನ್ನೂ ಹರಿತವಾಗಿತ್ತು. ನಾನು ‘ಸ್ಲುಶೀ ವಾಮ್ ತೊ’ ಅಂದೆ, ನಮ್ಮ ಕೆಳಮನೆಯ ಅಜ್ಜಿಯದೇ ಮಾತು. ‘ಅಲೆ ಪ್ರೊಸೀಮ್ ತ್ಯೆ, ಇದು ಹಳೇದು’ ಅಂದರು. ಹಾಗನ್ನುತ್ತಲೇ ಬಲಗೈಯಿಂದ ಎಡತೋಳಿನ ಮಡಿಕೆಯನ್ನು ಎರಡು ಸಲ ನಯವಾಗಿ ಸವರಿಕೊಂಡರು. ಮಾತು ದೂರ ತಳ್ಳಿತು, ಕೈ ಒಳಗೆ ತೆಗೆದುಕೊಂಡಿತು.

ಊಟದ ಹೊತ್ತಿಗೆ ಮಂಡಿನೋವಿನ ವಿಷಯ ಬಂತು. ಈ ಚಳಿಗಾಲ ನೋವೇ ಇಲ್ಲ ಅಂದವರು, ತಕ್ಷಣ ಕೈಯನ್ನು ಮೇಜಿನ ಅಡಿಗೆ ಒಯ್ದು ಟಕ್ ಟಕ್ ಟಕ್ ಅಂತ ಮರ ಕುಟ್ಟಿದರು. ಒಳ್ಳೆಯದನ್ನು ಬಾಯಿಬಿಟ್ಟು ಹೇಳಿದ ಮೇಲೆ ಮರ ಕುಟ್ಟಬೇಕು. ಇಲ್ಲದಿದ್ದರೆ ಕೈತಪ್ಪಿ ಹೋಗುತ್ತದೆ. ಅದಕ್ಕೊಂದು ಕ್ರಿಯಾಪದವೂ ಇದೆ, ಅದರೊಳಗೆ ‘ಕೂಗು’ ಇದೆ. ಒಳ್ಳೆಯದರ ಮೇಲೆ ಕೂಗಿ ಅದನ್ನು ಹೆದರಿಸಿ ಓಡಿಸಿಬಿಟ್ಟಂತೆ. ಅವನ ಮಗುವಿನ ಕಾಲದ ಫೋಟೋ ಒಂದನ್ನು ಅಜ್ಜಿ ತೋರಿಸಿದರು. ತಳ್ಳುಗಾಡಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ಯಾಕೆ ಅಂದೆ. ಯಾರ ಕಣ್ಣೂ ತಾಗದಿರಲಿ ಅಂತ.

ನಾನು ಬೆಳೆದದ್ದು ಈ ಹೆದರಿಕೆಯಲ್ಲೇ. ಕೆನ್ನೆಗೆ ಕಾಡಿಗೆ ಬೊಟ್ಟು, ಯಾರಾದರೂ ‘ಎಷ್ಟು ಚಂದ ಆಗಿದ್ದಾಳೆ’ ಅಂದುಹೋದ ಸಂಜೆ ಅಮ್ಮ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಿದ್ದಳು. ನಮ್ಮ ಮನೆಯಲ್ಲಿ ಅಪ್ಪ ಅಮ್ಮನನ್ನು ಹೊಗಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಸಾರು ಚೆನ್ನಾಗಾದ ದಿನ ಅಪ್ಪ ಏನೂ ಹೇಳದೆ ಎಲೆಯ ಮೇಲೆ ಅನ್ನವನ್ನು ಗುಂಡಿ ಮಾಡಿಕೊಂಡು ಕಾಯುತ್ತಿದ್ದರು. ಅಮ್ಮ ಇನ್ನೊಂದು ಸೌಟು ಹಾಕುತ್ತಿದ್ದಳು. ಅದು ಪ್ರೀತಿ ಅಲ್ಲ ಅಂತ ನಾನೆಂದೂ ಅನ್ನಲಾರೆ. ಆದರೆ ಅದರಿಂದಾಗಿ ನನ್ನ ಹತ್ತಿರ ಒಂದು ಸಾಲೂ ಉಳಿಯಲಿಲ್ಲ. ಕನ್ನಡದಲ್ಲಿ ಒಬ್ಬ ಗಂಡಸಿಗೆ ‘ನಿನಗೆ ಒಪ್ಪುತ್ತೆ’ ಅಂತ ನಾನು ಜನ್ಮದಲ್ಲಿ ಹೇಳಿರಲಿಲ್ಲ. ಪದಗಳೆಲ್ಲ ಇದ್ದವು, ಆಡಿದ ಬಾಯಿ ಇರಲಿಲ್ಲ. ನಾನು ಬಾಯಿಬಿಟ್ಟು ಮೆಚ್ಚಿದ ಮೊದಲ ಭಾಷೆ ಚೆಕ್.

ಹೀಗಾಗಿ ಇವರ ಹೊಗಳಿಕೆ ಯಾಕೆ ಇಷ್ಟು ಪುಟ್ಟದಾಗಿರುತ್ತದೆ ಅನ್ನುವುದು ನನಗೆ ಒಳಗಿನಿಂದ ಗೊತ್ತು ಅನ್ನಿಸುತ್ತದೆ. ಪುಟ್ಟ ಕೈ, ಪುಟ್ಟ ಕಾಫಿ, ಪುಟ್ಟ ದುಂಬಿ. ಪುಟ್ಟದಾಗಿದ್ದರೆ ಯಾರ ಕಣ್ಣಿಗೂ ಬೀಳದೆ ದಾಟಿಬಿಡಬಹುದು.

ಮೇ 1ರಂದು ಪ್ರಾಗಿಗೆ ಹೋಗಿದ್ದೆವು. ಆ ದಿನ ಹೂಬಿಟ್ಟ ಚೆರ್ರಿ ಮರದ ಕೆಳಗೆ ಮುತ್ತಿಡಬೇಕು, ಇಲ್ಲದಿದ್ದರೆ ಹೆಣ್ಣು ವರ್ಷವಿಡೀ ಒಣಗುತ್ತಾಳೆ ಅನ್ನುವ ನಂಬಿಕೆ ಇದೆ. ಪೆತ್ರ್ಝೀನ್ ಗುಡ್ಡದಲ್ಲಿ ಕವಿ ಕಾರೆಲ್ ಹಿನೆಕ್ ಮಾಖಾನ ಪ್ರತಿಮೆಯ ಬಳಿ ಜೋಡಿಗಳು ಸೇರುತ್ತವೆ. 1836ರಲ್ಲಿ, 26 ತುಂಬುವ ಮುಂಚೆಯೇ ತೀರಿಕೊಂಡವನು. ಪ್ರತಿಮೆ ಮಿಸ್ಲ್‌ಬೆಕ್ ಮಾಡಿದ್ದು, 1912ರದ್ದು. ಗುಂಪಿನಲ್ಲಿ ಎಪ್ಪತ್ತು ದಾಟಿದ ದಂಪತಿ ಇದ್ದರು. ಮುದುಕರು ಹೆಂಡತಿಯ ಕೂದಲಿಗೆ ಬಿದ್ದ ಒಂದು ಎಸಳನ್ನು ತೆಗೆಯಲು ಕೈ ಎತ್ತಿ, ಹಾಗೇ ನೋಡಿ, ತೆಗೆಯದೆ ಬಿಟ್ಟರು.

ಕಿಟಕಿಯನ್ನು ಮೇ ತಿಂಗಳ ಕೊನೆಗೆ ಮತ್ತೆ ಕೂರಿಸಿದ. ಆ ಭಾನುವಾರ ಅಮ್ಮನಿಗೆ ವಿಡಿಯೋ ಕರೆ ಮಾಡಿದೆವು. ಯಾರದೋ ಗೃಹಪ್ರವೇಶಕ್ಕೆ ಹೋಗಿ ಆಗಷ್ಟೇ ಬಂದಿದ್ದಳು, ಹಸಿರು ಅಂಚಿನ ಮಾವಿನಹಣ್ಣು ಬಣ್ಣದ ಸೀರೆ. ಹಿಂದಿನ ವಾರವಿಡೀ ಇವನು ಒಂದು ಸಾಲು ಅಭ್ಯಾಸ ಮಾಡಿದ್ದ. ನಾನು ಹೇಳಿಕೊಟ್ಟದ್ದು ನಮ್ಮ ಸಾಗರದ ಕಡೆಯ ಹಾಗೆ. ಒತ್ತಕ್ಷರ ಎಡವದಂತೆ ನಿಧಾನಕ್ಕೆ, ಪರದೆಯ ಹತ್ತಿರ ಬಾಗಿ ಅಂದ:

‘ಅಮ್ಮ, ಸೀರೆ ನಿಮಗೆ ಒಪ್ತದೆ.’

‘ಅಯ್ಯೋ, ಇದಾ? ಇದು ಹಳೇದು ಮಾರಾಯ್ರೆ’ ಅಂದಳು ಅಮ್ಮ. ಸೆರಗಿನ ಮಡಿಕೆಯನ್ನು ಭುಜದ ಮೇಲೆ ಎರಡು ಸಲ ಸವರಿಕೊಂಡಳು.

ಅಮ್ಮ ಏನಂದಳು ಅಂತ ಅವನು ನನ್ನನ್ನು ಕೇಳಲಿಲ್ಲ.